ಅರ್ಧ ಚೀಲ ಉಲ್ಲನ್, ದಿನಕ್ಕೆ ಮುಕ್ಕಾಲು ಗಂಟೆ: ದಾನಕ್ಕೆ ಏನು ಹೆಣೆಯಲಿ?

ಪ್ರಶ್ನೆ: ಮೇಡಂ, ಕ್ರೋಶಾ ಕಲಿತು ಮೂರು ವರ್ಷವಾಯಿತು. ಚೈನ್, ಸಿಂಗಲ್, ಡಬಲ್ ಹೊಲಿಗೆ, ಗ್ರಾನಿ ಸ್ಕ್ವೇರ್ ಎಂಬ ತೂತುತೂತಿನ ಚೌಕ ಎಲ್ಲ ಬರುತ್ತದೆ. ಮನೆಯಲ್ಲಿ ಅರ್ಧ ಚೀಲ ಉಲ್ಲನ್ ಉಳಿದಿದೆ. ಆಸ್ಪತ್ರೆಯ ಮಕ್ಕಳಿಗೆ ಕೊಡೋಣವೆಂದು ಕಳೆದ ವರ್ಷ ನಾಲ್ಕು ತಿಂಗಳು ಕೂತು ಒಂದು ದೊಡ್ಡ ಹೊದಿಕೆ ಹಾಕಿದೆ. ತೆಗೆದುಕೊಂಡು ಹೋದರೆ, 'ತುಂಬಾ ಚೆನ್ನಾಗಿದೆ, ಆದರೆ ಇಲ್ಲಿ ಬಳಸೋಕೆ ಆಗಲ್ಲ' ಅಂತ ನಯವಾಗಿ ವಾಪಸ್ ಕೊಟ್ಟರು. ಆಮೇಲೆ ಕಡ್ಡಿ ಮುಟ್ಟಲು ಮನಸ್ಸೇ ಬರಲಿಲ್ಲ. ಈಗ ಮತ್ತೆ ಶುರು ಮಾಡಬೇಕೆಂದಿದ್ದೇನೆ. ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು. ಬೇಗ ಮುಗಿಯುವ, ನಿಜಕ್ಕೂ ಯಾರಿಗಾದರೂ ಉಪಯೋಗವಾಗುವ ವಸ್ತು ಯಾವುದು? ಯಾವ ದಾರ ತೆಗೆದುಕೊಳ್ಳಲಿ?

ಉತ್ತರ: ಮೊದಲು ಆ ಹೊದಿಕೆಯ ವಿಷಯ ಮುಗಿಸೋಣ, ಅದು ನಿಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅವರು ಅದನ್ನು ವಾಪಸ್ ಕೊಟ್ಟದ್ದಕ್ಕೆ ನಿಮ್ಮ ಕೈಕೆಲಸ ಕಾರಣವಾಗಿರಲಿಕ್ಕಿಲ್ಲ. ಒಂದು ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು, ಮೆತ್ತನೆಯ ಗೊಂಬೆ ಏನೂ ಇರಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಮುಖದ ಮೇಲೆ ಬಂದರೆ ಅದನ್ನು ಸರಿಸಿಕೊಳ್ಳುವ ಶಕ್ತಿ ಅಷ್ಟು ಚಿಕ್ಕ ಮಗುವಿಗೆ ಇರುವುದಿಲ್ಲ. ಅದೂ ಅಲ್ಲದಿದ್ದರೆ, ಗ್ರಾನಿ ಸ್ಕ್ವೇರ್‌ನ ತೂತುಗಳಲ್ಲಿ ಪುಟ್ಟ ಬೆರಳು, ಟ್ಯೂಬು, ವೈರು ಸಿಕ್ಕಿಕೊಳ್ಳುತ್ತವೆ. ಅದೂ ಅಲ್ಲದಿದ್ದರೆ ಒಗೆಯುವ ಸಮಸ್ಯೆ. ಈ ಕೊನೆಯದನ್ನು ನಾನು ನನ್ನ ಕೈಯಿಂದಲೇ ದುಡ್ಡು ಕೊಟ್ಟು ಕಲಿತವಳು. ವರ್ಷಗಳ ಹಿಂದೆ ಅಪ್ಪಟ ಕುರಿಯುಣ್ಣೆಯ ಇಪ್ಪತ್ತು ಟೋಪಿ ಹಾಕಿ ಒಂದು ಕಡೆ ಕೊಟ್ಟು ಬಂದಿದ್ದೆ. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಎಲ್ಲವೂ ಬಿಸಿನೀರಿನ ಮೆಷಿನ್ನಿನಿಂದ ಹೊರಬಂದು, ಗೊಂಬೆಯ ತಲೆಗೂ ಬಿಗಿಯಾಗುವಷ್ಟು ಕುಗ್ಗಿ ರಟ್ಟಿನ ಹಾಗೆ ಗಟ್ಟಿಯಾಗಿದ್ದವು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ಒಗೆದವರನ್ನು ಬೈಯಲು ಬಾಯಿ ಬರಲಿಲ್ಲ. ನೂರು ಜನರ ಬಟ್ಟೆ ಒಗೆಯುವವರು ನನ್ನ ಟೋಪಿಯನ್ನು ಮಾತ್ರ ತಣ್ಣೀರಲ್ಲಿ ಬೇರೆ ನೆನೆಸಿಡುತ್ತಾರೆಯೇ?

ಅಂದಿನಿಂದ ಏನು ಹೆಣೆಯಲಿ ಎಂಬ ಪ್ರಶ್ನೆಗೆ ಮುಂಚೆ ನಾನು ಇನ್ನೊಂದನ್ನು ಕೇಳಿಕೊಳ್ಳುತ್ತೇನೆ: ಇದನ್ನು ಯಾರು, ಹೇಗೆ ಒಗೆಯುತ್ತಾರೆ? ದಾರ, ವಿನ್ಯಾಸ, ಗುಂಡಿ ಬೇಕೋ ಬೇಡವೋ, ಎಲ್ಲಕ್ಕೂ ಉತ್ತರ ಅಲ್ಲಿಂದಲೇ ಬರುತ್ತದೆ.

ಆದ್ದರಿಂದ ಕಡ್ಡಿ ಹಿಡಿಯುವ ಮುಂಚೆ ಒಂದು ಫೋನ್ ಮಾಡಿ. ಆಸ್ಪತ್ರೆಯಾದರೆ ಸ್ವಾಗತದ ಮೇಜಿನವರನ್ನಲ್ಲ, ಆ ವಾರ್ಡಿನ ಹಿರಿಯ ನರ್ಸ್ ಅನ್ನು ಕೇಳಿ. ಆಶ್ರಯಧಾಮವಾದರೆ ಸಾಮಾನಿನ ಕೋಣೆ ನೋಡಿಕೊಳ್ಳುವವರನ್ನು ಕೇಳಿ. ಈಗ ಯಾವುದು ಕಡಿಮೆ ಬಿದ್ದಿದೆ, ಯಾವ ಅಳತೆ, ಯಾವ ದಾರ ಆಗುತ್ತದೆ, ಯಾವುದು ಬೇಡವೇ ಬೇಡ, ಇಷ್ಟು ಗೊತ್ತಾದರೆ ಸಾಕು. 'ಏನಾದರೂ ಕೊಡಿ, ಖುಷಿ' ಎನ್ನುವ ಉತ್ತರ ಬಂದರೆ ನಾನು ಸ್ವಲ್ಪ ಅನುಮಾನ ಪಡುತ್ತೇನೆ. ಅದು ಬಹುಪಾಲು ಸಂಕೋಚದ ಮಾತು. 'ಹೋದ ಸಲ ಬಂದದ್ದರಲ್ಲಿ ಯಾವುದು ಮೊದಲು ಖಾಲಿಯಾಯಿತು?' ಎಂದು ಕೇಳಿ ನೋಡಿ, ನಿಜವಾದ ಉತ್ತರ ಆಗ ಹೊರಬರುತ್ತದೆ. ನಾನು ಕೇಳಿದಾಗೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ ಬಂದಿದೆ: ಗಂಡಸರ ಅಳತೆಯ ಗಾಢ ಬಣ್ಣದ ಟೋಪಿ. ನಾವೆಲ್ಲ ಹೆಣೆಯುವುದು ಮಾತ್ರ ಮಕ್ಕಳ ಗುಲಾಬಿ ಟೋಪಿ! ಹದಿಹರೆಯದವರನ್ನಂತೂ ಯಾರೂ ನೆನೆಯುವುದಿಲ್ಲ.

ಎಷ್ಟು ಬೇಕೆಂದು ಕೇಳದೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಉದಾಹರಣೆ ಇದೆ. 2019ರ ಕೊನೆ, 2020ರ ಆರಂಭದಲ್ಲಿ ಸುಟ್ಟ ಗಾಯದ ಕಾಂಗರೂ ಮರಿ, ಬಾವಲಿ, ಹಕ್ಕಿಗಳಿಗಾಗಿ ಚೀಲ, ಗೂಡು, ಸುತ್ತುಬಟ್ಟೆ ಬೇಕೆಂದು ಅಲ್ಲಿನ ಕರಕುಶಲ ಗುಂಪೊಂದು ಕೇಳಿಕೊಂಡಿತು. ಜಗತ್ತಿನ ಮೂಲೆಮೂಲೆಯಿಂದ ಎಷ್ಟು ಪಾರ್ಸೆಲ್ ಬಂದು ಬಿದ್ದವೆಂದರೆ, ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ ಎಂದು ಅವರೇ ಹೇಳಬೇಕಾಯಿತು. ಕಳಿಸಿದವರ ಮನಸ್ಸೇನೋ ಒಳ್ಳೆಯದೇ. ಆದರೆ ಬಂದದ್ದನ್ನು ಬಿಚ್ಚಿ, ವಿಂಗಡಿಸಿ, ಜೋಡಿಸಿಡುವುದೂ ಒಬ್ಬರ ಕೆಲಸ, ಅದೂ ಕೈ ಬಿಡುವಿಲ್ಲದ ಹೊತ್ತಿನಲ್ಲಿ.

ಇನ್ನು ನಿಮ್ಮ ಮುಕ್ಕಾಲು ಗಂಟೆಗೆ ಬರೋಣ. ಬೇಗ ಮುಗಿಯಬೇಕೆಂದರೆ ಕೈ ಚುರುಕಾಗಬೇಕೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕ ಬೇರೆ. ಸಾಧಾರಣ ಕೈ ನಿಮಿಷಕ್ಕೆ ಹದಿನೈದು ಹೊಲಿಗೆ ಹಾಕುತ್ತದೆ ಎಂದಿಟ್ಟುಕೊಳ್ಳಿ. ದಪ್ಪ ದಾರದ ಒಂದು ದೊಡ್ಡವರ ಟೋಪಿಗೆ ಸುಮಾರು 1,400 ಹೊಲಿಗೆ ಬೇಕು, ಅಂದರೆ ಒಂದೂವರೆ ಗಂಟೆ. ನಿಮ್ಮ ಲೆಕ್ಕದಲ್ಲಿ ಎರಡು ದಿನ, ತುದಿ ಮುಚ್ಚಿ ಮುಗಿಸಲು ಮೂರನೆಯ ದಿನ. ಅದೇ ದಾರದಲ್ಲಿ ಒಬ್ಬರು ಹೊದೆಯುವಷ್ಟು ದೊಡ್ಡ ಹೊದಿಕೆ ಹಾಕಿದರೆ 23,000 ಹೊಲಿಗೆ ದಾಟುತ್ತದೆ, ತೆಳು ದಾರವಾದರೆ ಕೇಳುವುದೇ ಬೇಡ. ಒಂದು ಹೊದಿಕೆಯ ಶ್ರಮದಲ್ಲಿ ಹದಿನಾರು ತಲೆ ಬೆಚ್ಚಗಾಗುತ್ತವೆ.

ಹೊಲಿಗೆಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಿಂಗಲ್ ಕ್ರೋಶಾ ಗಿಡ್ಡ, ಒತ್ತಾಗಿ ಕೂರುತ್ತದೆ, ಬೆಚ್ಚಗೆ, ಆದರೆ ಸಾಲು ಏರುವುದೇ ಇಲ್ಲ. ಡಬಲ್ ಅದರ ಎರಡರಷ್ಟು ಎತ್ತರ, ಸರಸರ ಏರುತ್ತದೆ, ನಡುವೆ ಗಾಳಿಯೂ ಸರಸರ ನುಗ್ಗುತ್ತದೆ. ದಾನದ ಕೆಲಸಕ್ಕೆ ನನ್ನ ಮೆಚ್ಚಿನದು ಇವೆರಡರ ನಡುವಿನ ಹಾಫ್ ಡಬಲ್: ಕಡ್ಡಿಗೆ ಒಮ್ಮೆ ದಾರ ಸುತ್ತಿ, ಹೊಲಿಗೆಯೊಳಗಿಂದ ಎಳೆದು, ಕಡ್ಡಿಯ ಮೇಲಿನ ಮೂರೂ ಕುಣಿಕೆಯಿಂದ ಒಟ್ಟಿಗೆ ಹೊರತೆಗೆಯುವುದು. ನಿಮ್ಮ ಪಟ್ಟಿಯಲ್ಲಿ ಇದು ಕಾಣಲಿಲ್ಲ. ಹತ್ತು ನಿಮಿಷದಲ್ಲಿ ಬರುತ್ತದೆ, ಕಲಿತುಬಿಡಿ. ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ಅಮೆರಿಕದವರು ಸಿಂಗಲ್ ಎನ್ನುವುದನ್ನು ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ, ಅಮೆರಿಕದ ಡಬಲ್ ಬ್ರಿಟನ್ನಿನ ಟ್ರೆಬಲ್. ನಾನಿಲ್ಲಿ ಬಳಸುವುದು ಅಮೆರಿಕದ ಹೆಸರು. ಎಲ್ಲಿಂದಲಾದರೂ ಪ್ಯಾಟರ್ನ್ ತೆಗೆದರೆ ಅದು ಯಾವ ದೇಶದ ಹೆಸರಿನಲ್ಲಿದೆ ಎಂದು ಮೊದಲು ನೋಡಿ. ಇಲ್ಲದಿದ್ದರೆ ಟೋಪಿ ಹಾಕಹೋಗಿ ಚೀಲ ಬರುತ್ತದೆ.

ನಿಮ್ಮ ಉಲ್ಲನ್ ತೆಳುವಾಗಿದ್ದರೆ ಎರಡೆಳೆ ಒಟ್ಟಿಗೆ ಹಿಡಿದು 6 ಅಥವಾ 6.5 ಮಿ.ಮೀ. ಕಡ್ಡಿಯಲ್ಲಿ ಹಾಕಿ. ಚೂರುಪಾರು ಉಂಡೆಗಳೆಲ್ಲ ಹೀಗೆ ಖರ್ಚಾಗುತ್ತವೆ, ಎರಡು ಬಣ್ಣ ಸೇರಿ ಚಂದವೂ ಕಾಣುತ್ತದೆ. ಒಂದು ಎಳೆ ಕಡುನೀಲಿಯೋ ಬೂದಿಯೋ ಇದ್ದು, ಇನ್ನೊಂದು ಯಾವ ಉಳಿಕೆಯಾದರೂ ಸರಿ, ಒಟ್ಟು ಬಣ್ಣ ತಗ್ಗಿಬಿಡುತ್ತದೆ. ಕಿತ್ತಳೆಯ ಉಂಡೆ ಖಾಲಿ ಮಾಡಲು ನನಗೆ ಗೊತ್ತಿರುವ ಉಪಾಯ ಇದೊಂದೇ.

ಈಗ ಟೋಪಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಒಂದೇ ಒಂದು ವಸ್ತು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸಿಕೊಳ್ಳುವುದು.

ಸುಲಭದ ದಾರಿಯಲ್ಲಿ ವೃತ್ತವೇ ಬೇಡ. ಟೋಪಿಯ ಎತ್ತರದಷ್ಟು ಚೈನ್ ಹಾಕಿ. ದೊಡ್ಡವರಿಗೆ ಸುಮಾರು 24 ಸೆಂ.ಮೀ., ದಪ್ಪ ದಾರದಲ್ಲಿ ಹತ್ತಿರ ಹತ್ತಿರ 32 ಚೈನ್ ಆಗುತ್ತದೆ. ಅದರ ಮೇಲೆ ಹಾಫ್ ಡಬಲ್ ಸಾಲುಗಳನ್ನು ಹಾಕುತ್ತಾ ಹೋಗಿ. ಆದರೆ ಪ್ರತಿ ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ಹಿಂದಿನ ಎಳೆಗೆ ಮಾತ್ರ ಕಡ್ಡಿ ತೂರಿಸಿ. ಹೀಗೆ ಮಾಡಿದರೆ ಬಟ್ಟೆ ಗೆರೆಗೆರೆಯಾಗಿ, ಸ್ವೆಟರಿನ ಅಂಚಿನಂತೆ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಹಾಗೆ ಆಗುತ್ತದೆ. ಈ ಗುಣವೇ ನಮಗೆ ಬೇಕಾದ್ದು. ಯಾರ ತಲೆಗೆ ಹೋಗುತ್ತದೋ ಗೊತ್ತಿಲ್ಲದ ಟೋಪಿ ಹಿಗ್ಗಲೇಬೇಕು. ಪಟ್ಟಿ 51-52 ಸೆಂ.ಮೀ. ಉದ್ದ ಆದಾಗ ನಿಲ್ಲಿಸಿ, ಮೊದಲ ಸಾಲು ಕೊನೆಯ ಸಾಲು ಎದುರುಬದುರು ಇಟ್ಟು ಸ್ಲಿಪ್ ಸ್ಟಿಚ್‌ನಲ್ಲಿ ಜೋಡಿಸಿ. ಒಂದು ಕೊಳವೆ ಆಯಿತು. ದಪ್ಪ ಸೂಜಿಗೆ ಅದೇ ದಾರ ಪೋಣಿಸಿ ಒಂದು ಕಡೆಯ ಅಂಚಿನ ಸುತ್ತಲೂ ಓಡಿಸಿ, ಚೀಲದ ಬಾಯಿ ಕಟ್ಟುವ ಹಾಗೆ ಬಿಗಿದು, ನಡುವಿನ ತೂತು ಮುಚ್ಚುವವರೆಗೆ ಅಡ್ಡಡ್ಡ ನಾಲ್ಕೈದು ಹೊಲಿಗೆ ಹಾಕಿ. ಮುಗಿಯಿತು. ಮೂರು ವರ್ಷದ ಅನುಭವ ಇರುವ ನಿಮಗೆ ಇದು ಸಪ್ಪೆ ಎನಿಸಬಹುದು. ಟಿವಿ ನೋಡುತ್ತಾ ಹಾಕಬಹುದಾದ ಸಪ್ಪೆತನ ಅದು, ತಿಂಗಳಿಗೆ ಹತ್ತು ಟೋಪಿ ಬರುವುದು ಅದರಿಂದಲೇ.

ನೆತ್ತಿಯಿಂದ ಸುತ್ತು ಹಾಕಿ ಇಳಿಯುವ ಟೋಪಿಯೇ ಇಷ್ಟವೆಂದರೆ, ಚಪ್ಪಟೆ ವೃತ್ತದ ಲೆಕ್ಕ ನೆನಪಿಡಿ: ಸಿಂಗಲ್ ಆದರೆ 6 ಹೊಲಿಗೆಯಿಂದ ಶುರು, ಪ್ರತಿ ಸುತ್ತಿಗೆ 6 ಹೆಚ್ಚಳ. ಹಾಫ್ ಡಬಲ್‌ಗೆ 8, ಡಬಲ್‌ಗೆ 12. ಅಂಚು ಬಟ್ಟಲಿನಂತೆ ಎದ್ದರೆ ಹೆಚ್ಚಳ ಸಾಲದು, ನೆರಿಗೆ ಬಿದ್ದರೆ ಜಾಸ್ತಿಯಾಯಿತು. ಎಷ್ಟು ಸುತ್ತಿಗೆ ನಿಲ್ಲಿಸಬೇಕು ಎಂದು ಹೊಲಿಗೆ ಎಣಿಸುತ್ತಾ ಕೂರಬೇಡಿ, ಟೇಪು ಹಿಡಿಯಿರಿ. ಟೋಪಿಯ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವೃತ್ತದ ಅಗಲ ಸಿಗುತ್ತದೆ. 52 ಸೆಂ.ಮೀ. ಟೋಪಿಗೆ ಹದಿನಾರೂವರೆ ಸೆಂ.ಮೀ. ಅಗಲದ ವೃತ್ತ. ಅಷ್ಟಾದ ಮೇಲೆ ಹೆಚ್ಚಳವಿಲ್ಲದೆ ನೇರ ಇಳಿಯುತ್ತಾ ಹೋಗುವುದು. ಹೀಗೆ ಮಾಡಿದರೆ ಯಾವ ದಾರ, ಯಾವ ಕಡ್ಡಿ, ಬಿಗಿ ಕೈಯೋ ಸಡಿಲ ಕೈಯೋ, ಯಾವುದೂ ಅಡ್ಡಿಯಾಗುವುದಿಲ್ಲ. ಮ್ಯಾಜಿಕ್ ರಿಂಗ್, ಅಂದರೆ ಬಾಲ ಎಳೆದು ಬಿಗಿಯುವ ದಾರದ ಉಂಗುರದಿಂದ ಶುರುಮಾಡುವವರು ಮಾತ್ರ ಅದರ ಬಾಲವನ್ನು ವೃತ್ತದ ಸುತ್ತ ಎರಡು ಸಲ ಹೊಲಿದು ಭದ್ರ ಮಾಡಬೇಕು. ನಾಲ್ಕು ಒಗೆತಕ್ಕೆ ನೆತ್ತಿ ಬಾಯಿಬಿಟ್ಟ ಟೋಪಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಾನದ ಟೋಪಿಗೆ ನಾನಂತೂ ನಾಲ್ಕು ಚೈನ್ ಸೇರಿಸಿ ಮಾಡುವ ಹಳೆಯ ಉಂಗುರವನ್ನೇ ಹಾಕುತ್ತೇನೆ.

ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಉಲ್ಲನ್ ಚೀಲದೊಳಗೇ ಇಟ್ಟುಕೊಳ್ಳಿ. ತಲೆಯ ಸುತ್ತಳತೆ ಗಂಡಸರದು 57-58 ಸೆಂ.ಮೀ. ಆಸುಪಾಸು, ಹೆಂಗಸರದು 55-56, ಹತ್ತು ವರ್ಷದ ಮಗುವಿನದು 53, ಐದು ವರ್ಷದ್ದು 51, ಒಂದು ವರ್ಷದ್ದು 46. ಟೋಪಿಯನ್ನು ಇದಕ್ಕಿಂತ ಮೂರರಿಂದ ಐದು ಸೆಂ.ಮೀ. ಕಡಿಮೆ ಇಡಬೇಕು, ಆಗಲೇ ಅದು ತಲೆ ಹಿಡಿದು ನಿಲ್ಲುವುದು. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆ ಸುಮಾರು 35. ಅದರ ಕುಲಾವಿ 33 ಇದ್ದು, ನೆತ್ತಿಯಿಂದ ಅಂಚಿಗೆ 14 ಸೆಂ.ಮೀ. ಇದ್ದರೆ ಸರಿಹೋಗುತ್ತದೆ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಕುಲಾವಿ ಒಂದು ಬೇರೆಯೇ ಲೋಕ. 28 ವಾರಕ್ಕೆ ಹುಟ್ಟಿದ ಮಗುವಿನ ತಲೆ ಸುಮಾರು 26 ಸೆಂ.ಮೀ., 32 ವಾರದ್ದು 29-30. ಒಂದು ದೊಡ್ಡ ಕಿತ್ತಳೆ ಹಣ್ಣಿಗೆ ಹಾಕಿದ ಹಾಗಿರುತ್ತದೆ, ಮೊದಲ ಸಲ ಮಾಡಿದಾಗ ಇದು ಯಾರಿಗಾದರೂ ಆಗುತ್ತದೆಯೇ ಎಂದೇ ಅನ್ನಿಸುತ್ತದೆ. ಆಗುತ್ತದೆ. ಕೂಸಿನ ಮೈಗೆ ಹೋಲಿಸಿದರೆ ತಲೆಯೇ ದೊಡ್ಡದು, ಮೈಯ ಶಾಖ ಅಲ್ಲಿಂದ ಬಹಳ ಸೋರಿಹೋಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಇನ್‌ಕ್ಯುಬೇಟರ್‌ಗಳು ಸಾಲದೆ ಬಂದಾಗ, ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವ ಪದ್ಧತಿ ಶುರುಮಾಡಿದರು. ಕಾಂಗರೂ ಆರೈಕೆ ಎಂದು ಈಗ ಎಲ್ಲೆಡೆ ಕರೆಯುವುದು ಅದನ್ನೇ. ಅದರಲ್ಲಿ ಕೂಸಿನ ಮೈಮೇಲೆ ಇರುವುದೇ ಡೈಪರ್, ಕಾಲುಚೀಲ, ಮತ್ತೆ ಒಂದು ಕುಲಾವಿ. ಹೀಗಾಗಿ ಈ ವಾರ್ಡುಗಳಲ್ಲಿ ಕುಲಾವಿಗೆ ಕೆಲಸವಿದೆ. ದಾರ ತೀರ ಮೆತ್ತಗಿರಬೇಕು, ಒಂದೇ ಎಳೆ, 4 ಮಿ.ಮೀ. ಕಡ್ಡಿ. ಗುಂಡಿ, ಲಾಡಿ, ಮಣಿ, ಗೊಂಡೆ ಏನೂ ಬೇಡ. ರೋಮ ಏಳುವ ದಾರ ಬೇಡ, ಎಳೆ ಉದುರಿ ಮೂಗಿಗೆ ಹೋಗುತ್ತದೆ. ಒಂದನ್ನು ಮುಗಿಸಲು ನಲವತ್ತು ನಿಮಿಷ ಸಾಕು, ನಿಮ್ಮ ಒಂದು ದಿನದ ಸಮಯ. ಇನ್ನೂ ಒಂದು ಮಾತು: ಆಸ್ಪತ್ರೆಯ ಹೊರಗೆ, ಮನೆಯಲ್ಲಿ ಮಲಗುವಾಗ ಕೂಸಿಗೆ ಟೋಪಿ ಹಾಕಬೇಡಿ ಎಂದೂ ಅದೇ ಅಕಾಡೆಮಿ ಹೇಳುತ್ತದೆ, ಮೈ ಅತಿಯಾಗಿ ಬಿಸಿಯಾಗಬಾರದೆಂದು. ಆದ್ದರಿಂದ ಯಾವ ಹೊತ್ತಿಗೆ ಟೋಪಿ ಎಂಬುದನ್ನು ವಾರ್ಡಿನವರಿಗೇ ಬಿಡಿ, ನಿಮ್ಮ ಚೀಟಿಯಲ್ಲಿ ಅಳತೆ ಮಾತ್ರ ಬರೆಯಿರಿ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಉದುರಿದವರ ಟೋಪಿಗೆ ನಿಯಮ ತಿರುಗುಮುರುಗು. ಅಲ್ಲಿ ಬೆಚ್ಚಗಿರುವುದಕ್ಕಿಂತ ಮೃದುವಾಗಿರುವುದು ಮುಖ್ಯ. ಕೂದಲಿಲ್ಲದ ನೆತ್ತಿಗೆ ಉಣ್ಣೆ ಚುಚ್ಚುತ್ತದೆ, ಒಳಗಿನ ಗಂಟು, ದಪ್ಪ ಜೋಡಣೆ ಉರಿಯುತ್ತದೆ. ಹತ್ತಿ, ಬಿದಿರಿನ ದಾರ, ಅಥವಾ ನಿಜಕ್ಕೂ ಮೆತ್ತಗಿರುವ ಅಕ್ರಿಲಿಕ್ ತೆಗೆದುಕೊಳ್ಳಿ. ದಾರದ ಉಂಡೆಯನ್ನು ಅಂಗೈಗಲ್ಲ, ಕತ್ತಿಗೆ ಒರೆಸಿ ನೋಡಿ, ಅಲ್ಲಿ ತುರಿಸಿದರೆ ಅದು ಈ ಕೆಲಸಕ್ಕಲ್ಲ. ಹೊಲಿಗೆ ಒತ್ತಾಗಿರಲಿ, ತೂತಿನಿಂದ ನೆತ್ತಿ ಕಾಣುವುದು ಯಾರಿಗೂ ಇಷ್ಟವಾಗುವುದಿಲ್ಲ. ಕತ್ತಿನ ಹಿಂಭಾಗ, ಕಿವಿ ಮುಚ್ಚುವಷ್ಟು ಇಳಿದಿರಲಿ, ಕೂದಲಿನ ದಪ್ಪ ಇಲ್ಲದಿರುವುದರಿಂದ ಸುತ್ತಳತೆಯಲ್ಲಿ ಒಂದು ಸೆಂ.ಮೀ. ಕಡಿಮೆಯೇ ಇರಲಿ. ಇದಕ್ಕೆ ಪಟ್ಟಿ ಜೋಡಿಸುವ ವಿಧಾನ ಬೇಡ, ಜೋಡಣೆಯಿಲ್ಲದ ಸುತ್ತಿನ ಟೋಪಿಯೇ ಸರಿ.

ಟೋಪಿಯಿಂದ ಬೇಸರವಾದರೆ ಬದಲಿಗೆ ಇವೆ. ಕಿವಿ ಮುಚ್ಚುವ ಪಟ್ಟಿ ಒಂದು ಗಂಟೆಯ ಕೆಲಸ: 10 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದ, ಜೋಡಿಸಿದರೆ ಆಯಿತು. ಬೆರಳಿಲ್ಲದ ಕೈಗವಸು ಅಂದರೆ ಎರಡು ಚೌಕ, ಹೆಬ್ಬೆರಳಿಗೆ ಒಂದು ಸಂದಿ ಬಿಟ್ಟು ಹೊಲಿಯುವುದು, ಅಷ್ಟೆ. ಹೊರಗೆ ದುಡಿಯುವವರು, ಬೀದಿಯಲ್ಲಿ ಮಲಗುವವರು ಬೆರಳಿನ ಗವಸಿಗಿಂತ ಇದನ್ನೇ ಇಷ್ಟಪಡುತ್ತಾರೆ, ಹಾಕಿಕೊಂಡೇ ಕೆಲಸ ಮಾಡಬಹುದಲ್ಲ. ಕ್ರೋಶಾ ಕಾಲುಚೀಲವನ್ನು ನಾನು ಶಿಫಾರಸು ಮಾಡುವುದಿಲ್ಲ. ದಪ್ಪವಾಗುತ್ತದೆ, ಚಪ್ಪಲಿ ಬೂಟಿನೊಳಗೆ ಕೂರುವುದಿಲ್ಲ, ಹೊಲಿಗೆಯ ಗಂಟು ಅಂಗಾಲಿಗೆ ಒತ್ತುತ್ತದೆ. ಮಫ್ಲರ್ ಸುಲಭವೆಂದು ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ, ಆದರೆ ಸುಲಭವಾದದ್ದೆಲ್ಲ ಬೇಗ ಮುಗಿಯುವುದಿಲ್ಲ. ಒಂದೂವರೆ ಮೀಟರ್ ಮಫ್ಲರ್‌ಗೆ ಎರಡು ಟೋಪಿಯ ದಾರ, ಎರಡು ಟೋಪಿಯ ಸಮಯ ಹೋಗುತ್ತದೆ.

ಹೊದಿಕೆಯ ಆಸೆ ಇನ್ನೂ ಉಳಿದಿದ್ದರೆ ಅದರ ಒಂದು ತುಂಡನ್ನು ಮಾತ್ರ ಮಾಡಿ. 1991ರಲ್ಲಿ ಅಮೆರಿಕದಲ್ಲಿ ಈವಿ ರೋಸೆನ್ ಎಂಬ ಮಹಿಳೆ ಶುರುಮಾಡಿದ 'ವಾರ್ಮ್ ಅಪ್ ಅಮೆರಿಕ'ದ ಉಪಾಯ ಇದು. ಪ್ರತಿಯೊಬ್ಬರೂ 7 ಇಂಚು ಅಗಲ, 9 ಇಂಚು ಉದ್ದದ ಒಂದು ತುಂಡು ಹಾಕಿ ಕೊಡುವುದು, 49 ತುಂಡು ಸೇರಿದರೆ ಒಂದು ಹೊದಿಕೆ. ಏಳು ಅಡ್ಡ, ಏಳು ಉದ್ದ ಜೋಡಿಸಿದರೆ 49 ಇಂಚು, 63 ಇಂಚು ಬರುತ್ತದೆ. ಒಂದು ತುಂಡು ನಿಮಗೆ ಒಂದು ಸಂಜೆ. ನಿಮ್ಮ ಸುತ್ತ ಕ್ರೋಶಾ ಬಲ್ಲವರು ಏಳೆಂಟು ಜನ ಇದ್ದರೆ ಸಾಕು, ವಾರಕ್ಕೊಂದು ತುಂಡಿನಂತೆ ಎರಡು ತಿಂಗಳೊಳಗೆ ಹೊದಿಕೆ ಎದ್ದುಬರುತ್ತದೆ. ಒಂದೇ ತೊಡಕು, ಒಬ್ಬರ ಏಳು ಇಂಚು ಇನ್ನೊಬ್ಬರ ಎಂಟು ಇಂಚು! ರಟ್ಟಿನಲ್ಲಿ ಅಳತೆಯ ಒಂದೊಂದು ಅಚ್ಚು ಕತ್ತರಿಸಿ ಎಲ್ಲರಿಗೂ ಕೊಟ್ಟುಬಿಡಿ, ಅದರ ಮೇಲಿಟ್ಟು ನೋಡಲಿ. ತುಂಡು ಜೋಡಿಸುವ ಈ ಕೆಲಸ ಎಲ್ಲಿಯವರೆಗೆ ಬೆಳೆಯಬಹುದು ಎಂದು ನೋಡಬೇಕಾದರೆ, 2016ರ ಜನವರಿಯಲ್ಲಿ ಚೆನ್ನೈನಲ್ಲಿ ಸುಭಾಶ್ರೀ ನಟರಾಜನ್ ಅವರ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಗುಂಪು 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ಆಮೇಲೆ ಅದನ್ನು ಬಿಡಿಬಿಡಿಯಾಗಿ ಹಂಚಿಕೊಟ್ಟರು. ದಾಖಲೆಗಿಂತ ನನಗೆ ಹಿಡಿಸಿದ್ದು ಆ ಬಿಡಿಸಿ ಕೊಟ್ಟದ್ದು.

ಹದಿನೈದು ನಿಮಿಷದಲ್ಲಿ ಮುಗಿಯುವಂಥದ್ದೂ ಇದೆ: ಅಂಗೈಯೊಳಗೆ ಹಿಡಿಯುವ ಪುಟ್ಟ ಹೃದಯ, ಒಂದೇ ದಾರದಲ್ಲಿ ಒಂದೇ ಥರದ ಎರಡು. 2020ರ ಕೋವಿಡ್ ದಿನಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ, ಮನೆಯವರನ್ನು ಒಳಗೆ ಬಿಡಲಾಗದ ರೋಗಿಯ ಕೈಯಲ್ಲಿ ಒಂದನ್ನಿಟ್ಟು, ಜೋಡಿಯ ಇನ್ನೊಂದನ್ನು ಮನೆಯವರಿಗೆ ಕೊಡುತ್ತಿದ್ದರು. ಕೂಸುಗಳ ತೀವ್ರ ನಿಗಾ ಘಟಕಗಳಲ್ಲೂ ತಾಯಿಗೊಂದು, ಮಗುವಿಗೊಂದು ಎಂದು ಕೊಡುವ ರೂಢಿಯಿದೆ. ಉಲ್ಲನ್ನಿನ ಚೂರುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಜೋಡಿಯನ್ನು ಬಿಡಿಯಾಗದಂತೆ ಒಂದು ಚಿಕ್ಕ ಪೊಟ್ಟಣದಲ್ಲಿ ಹಾಕಿ ಕೊಡಿ.

ಕೂಸುಗಳಿಗೆ ಕ್ರೋಶಾ ಆಕ್ಟೋಪಸ್ ಮಾಡಲೇ ಎಂದು ನೀವು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. 2013ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಯೋಚನೆ ಅದು. ಗೊಂಬೆಯ ಸುರುಳಿ ಕೈಗಳನ್ನು ಹಿಡಿದ ಕೂಸಿಗೆ ಹೊಕ್ಕುಳಬಳ್ಳಿಯ ನೆನಪಾಗಿ ಸಮಾಧಾನವಾಗುತ್ತದೆ ಎಂಬ ನಂಬಿಕೆ. ಅಪ್ಪಟ ಹತ್ತಿ ದಾರ, 60 ಡಿಗ್ರಿಯಲ್ಲಿ ಒಗೆಯಲು ಬರುವಂತಿರಬೇಕು, ಸುರುಳಿ ಎಳೆದರೂ 22 ಸೆಂ.ಮೀ. ಮೀರಬಾರದು ಎಂಬ ನಿಯಮಗಳೂ ಇವೆ. ಅದರಿಂದ ಉಸಿರಾಟ, ಎದೆಬಡಿತ ಸುಧಾರಿಸುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಆಸ್ಪತ್ರೆ ತಾನಾಗಿ ಕೇಳಿ, ತನ್ನದೇ ಪ್ಯಾಟರ್ನ್ ಕೊಟ್ಟರೆ ಮಾಡಿ, ಇಲ್ಲದಿದ್ದರೆ ಆ ಸಮಯಕ್ಕೆ ಎರಡು ಕುಲಾವಿ ಮಾಡಿ.

ಮರೆವಿನ ಕಾಯಿಲೆಯ ಹಿರಿಯರಿಗೆ ಕೈತುರುಬು ಎಂದು ನಾನು ಕರೆಯುವ ವಸ್ತುವೊಂದಿದೆ, ಇಂಗ್ಲಿಷಿನಲ್ಲಿ ಟ್ವಿಡಲ್ ಮಫ್. ಎರಡೂ ಕಡೆಯಿಂದ ಕೈ ತೂರಿಸಬಹುದಾದ, ಸುಮಾರು 30 ಸೆಂ.ಮೀ. ಉದ್ದದ ಕೊಳವೆ, ಅದರ ಒಳಗೂ ಹೊರಗೂ ಗುಂಡಿ, ರಿಬ್ಬನ್, ಉಬ್ಬುತಗ್ಗಿನ ಹೊಲಿಗೆ. ಸದಾ ಏನನ್ನಾದರೂ ಕೀಳುತ್ತಾ, ಜಗ್ಗುತ್ತಾ ಇರುವ ಕೈಗಳಿಗೆ ಅದು ಕೆಲಸ ಕೊಡುತ್ತದೆ. ಬಣ್ಣ ಹೊಂದಬೇಕೆಂದಿಲ್ಲ, ಒರಟು ನುಣುಪು ಬೆರೆತಷ್ಟೂ ಒಳ್ಳೆಯದು, ಹಾಗಾಗಿ ಚೀಲದ ತಳದ ಉಳಿಕೆಗಳೆಲ್ಲ ಇಲ್ಲಿ ಸಲ್ಲುತ್ತವೆ. ಗುಂಡಿಗಳನ್ನು ನಿಮ್ಮ ಬಲವೆಲ್ಲ ಹಾಕಿ ಎಳೆದು ನೋಡಿ, ಕಿತ್ತು ಬಾಯಿಗೆ ಹೋಗಬಾರದು. ಸೋಂಕಿನ ಭಯಕ್ಕೆ ಇದನ್ನು ಒಬ್ಬರಿಗೇ ಮೀಸಲಿಡುತ್ತಾರೆ, ಒಬ್ಬರಿಂದ ಒಬ್ಬರಿಗೆ ದಾಟಿಸುವುದಿಲ್ಲ. ಹಾಗಾಗಿ ಇದಕ್ಕೆ ಬೇಡಿಕೆ ತೀರುವುದೇ ಇಲ್ಲ.

ಪ್ರಾಣಿಗಳ ಆಶ್ರಯಕ್ಕಾದರೆ ಬೆಕ್ಕಿನ ಹಾಸು: ಎರಡೆಳೆಯ ದಾರ, 40-45 ಸೆಂ.ಮೀ. ಚೌಕ, ಅಂದಚಂದದ ಚಿಂತೆಯಿಲ್ಲ. ಉಗುರು ಸಿಕ್ಕುವ ತೂತು, ಕುಚ್ಚು ಇರಬಾರದು ಅಷ್ಟೆ. ಗೂಡಿನಿಂದ ಬಿದ್ದ ಹಕ್ಕಿಮರಿಗಳಿಗೆ ಬಟ್ಟಲಿನಂಥ ಗೂಡು ಹೆಣೆದು ಕೊಡುವವರೂ ಇದ್ದಾರೆ. ಅದನ್ನು ಎರಡು ಮೂರು ಎಳೆ ಸೇರಿಸಿ ಚಿಕ್ಕ ಕಡ್ಡಿಯಲ್ಲಿ ಬೆರಳು ನೋಯುವಷ್ಟು ಬಿಗಿಯಾಗಿ ಹಾಕಬೇಕು, ಮರಿಯ ಕಾಲ್ಬೆರಳು ಒಂದು ಕುಣಿಕೆಯಲ್ಲಿ ಸಿಕ್ಕಿದರೆ ಮುರಿದೇ ಹೋಗುತ್ತದೆ.

ದಾರದ ಬಗ್ಗೆ ಬಿಡಿಬಿಡಿಯಾಗಿ ಹೇಳಿದ್ದೇನೆ, ಉಳಿದದ್ದು ಇಷ್ಟು. ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದಿದ್ದರೆ ಮೆಷಿನ್ನಿಗೆ ಹಾಕಬಹುದಾದ ಅಕ್ರಿಲಿಕ್ ಸುರಕ್ಷಿತ: ಕುಗ್ಗುವುದಿಲ್ಲ, ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ. ಅದರ ದೋಷ ಬೆಂಕಿ. ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಆದ್ದರಿಂದ ಅಡುಗೆಮನೆಯ ಬಿಸಿಪಾತ್ರೆ ಹಿಡಿಯುವ ಬಟ್ಟೆಯನ್ನು ಅದರಲ್ಲಿ ಮಾಡಲೇಬಾರದು, ಅದಕ್ಕೆ ಹತ್ತಿ. ಹತ್ತಿ ಒದ್ದೆಯಾದರೆ ಭಾರವಾಗಿ ತಣ್ಣಗಾಗುತ್ತದೆ, ಮಳೆಚಳಿಯಲ್ಲಿ ಹೊರಗಿರುವವರ ಟೋಪಿಗೆ ಅದು ಬೇಡ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಅದಕ್ಕೆ ಸಾಟಿಯಿಲ್ಲ, ಆದರೆ ಮೆಷಿನ್ನಿಗೆ ತಡೆಯುವಂತೆ ಸಂಸ್ಕರಿಸಿದ ಉಣ್ಣೆಯೇ ಆಗಬೇಕು. ನಿಮ್ಮ ಚೀಲದ ಉಂಡೆಗಳಲ್ಲಿ ಯಾವುದು ಯಾವುದೆಂದು ಮರೆತುಹೋಗಿದ್ದರೆ, ಒಂದು ಚಿಕ್ಕ ತುಂಡನ್ನು ಚಿಮುಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತಗುಲಿಸಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕಾಗದದ ವಾಸನೆ ಬಂದರೆ ಹತ್ತಿ, ಕರಗಿ ಗಟ್ಟಿ ಕರಿಮಣಿಯಾದರೆ ಅಕ್ರಿಲಿಕ್ಕೋ ಅಂಥದೇ ಇನ್ನೊಂದು ಕೃತಕ ದಾರವೋ.

ಕೊನೆಗೆ ಬಾಲಗಳು. ಬೇಗ ಮುಗಿಸುವ ಆತುರದಲ್ಲಿ ಎಲ್ಲರೂ ಕಳ್ಳತನ ಮಾಡುವ ಜಾಗ ಇದು. ಗಂಟು ಹಾಕಿ ಕತ್ತರಿಸಿದ ದಾರ ಮೂರನೆಯ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಕನಿಷ್ಠ 15 ಸೆಂ.ಮೀ. ಬಾಲ ಬಿಡಿ, ಸೂಜಿಯಲ್ಲಿ ಒಂದು ದಿಕ್ಕಿಗೆ, ಮತ್ತೆ ವಾಪಸ್, ಮತ್ತೊಮ್ಮೆ ಮುಂದಕ್ಕೆ ಎಂದು ಮೂರು ಸಲ ತೂರಿಸಿ ಆಮೇಲೆ ಕತ್ತರಿಸಿ. ಎಲ್ಲ ಮುಗಿದ ಮೇಲೆ ನೀವೇ ಒಮ್ಮೆ ಮೆಷಿನ್ನಿಗೆ ಹಾಕಿ ಒಗೆಯಿರಿ. ಬಿಚ್ಚುವುದಿದ್ದರೆ ನಿಮ್ಮ ಮನೆಯಲ್ಲೇ ಬಿಚ್ಚಲಿ. ಸುವಾಸನೆಯ ದ್ರವ ಹಾಕಬೇಡಿ, ಕೆಲವರಿಗೆ ಉಸಿರು ಕಟ್ಟುತ್ತದೆ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ರೋಮ ತೆಗೆದು, ಮುಚ್ಚಿದ ಪೊಟ್ಟಣದಲ್ಲಿಡಿ. ಅಳತೆ, ದಾರ, ಒಗೆಯುವ ಬಗೆ, ಈ ಮೂರನ್ನೂ ಬರೆದ ಚೀಟಿಯನ್ನು ದಾರದಲ್ಲಿ ಕಟ್ಟಿ, ಪಿನ್ನು ಚುಚ್ಚಬೇಡಿ. ಹೆಸರು ವಿಳಾಸ ಬರೆಯಬೇಕೆಂದಿಲ್ಲ. ಬರೆದರೆ ಪಡೆದವರಿಗೆ ಧನ್ಯವಾದದ ಸಾಲ ಹೊರಿಸಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದ ಗೆಳತಿಯರು ನನಗಿದ್ದಾರೆ.

ವಾಪಸ್ ಬಂದ ಆ ಹೊದಿಕೆಯನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಹಿರಿಯರ ಆರೈಕೆ ಮನೆಗಳಲ್ಲಿ ಗಾಲಿಕುರ್ಚಿಯಲ್ಲಿ ಕೂರುವವರ ತೊಡೆಯ ಮೇಲೆ ಹಾಸಲು 90 ಸೆಂ.ಮೀ. ಚೌಕದ ಹೊದಿಕೆ ಬೇಕಾಗುತ್ತದೆ. ನಿಮ್ಮದು ಗ್ರಾನಿ ಸ್ಕ್ವೇರ್‌ಗಳದ್ದೇ ಆಗಿದ್ದರೆ ಜೋಡಣೆಯ ಗೆರೆಯಲ್ಲಿ ಬಿಚ್ಚಿ ಎರಡು ಮಾಡಬಹುದು. ಸುತ್ತ ಎರಡು ಸಾಲು ಸಿಂಗಲ್ ಕ್ರೋಶಾ ಓಡಿಸಿ ಅಂಚು ಕಟ್ಟಿ, ಕುಚ್ಚಿದ್ದರೆ ತೆಗೆದುಬಿಡಿ, ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಕತ್ತರಿ ಹಿಡಿಯುವ ಮುಂಚೆ ಅವರಿಗೊಂದು ಫೋನ್ ಮಾಡಿ.